ಬಾರ್ನಿ ಹೀಲಿಯ ಒಂಟಿ ಡ್ರೆಜ್ಜು

ಬಾರ್ನಿಯ ಶವಪೆಟ್ಟಿಗೆಯನ್ನು ವ್ಯಾನಿನಿಂದ ಅರ್ಧ ಹೊರಗೆಳೆದ ಮೇಲೆಯೇ ಹೊರುವವರು ಐದೇ ಜನ ಇರುವುದು ಹೇಮಿಗೆ ಗೊತ್ತಾದದ್ದು. ಆರನೆಯವನು ಬೆಳಿಗ್ಗೆ ಸೊಂಟ ಹಿಡಿದುಕೊಂಡು ಹಾಸಿಗೆಯಿಂದ ಎದ್ದೇ ಇರಲಿಲ್ಲ. ಹೇಮಿ ತನ್ನ ಮೂಲೆಗೆ ಹೆಗಲು ಕೊಟ್ಟುಕೊಂಡೇ ಕತ್ತು ತಿರುಗಿಸಿ, ಸ್ಮಶಾನದ ಗೇಟಿನ ಹತ್ತಿರ ಕೋಟಿನ ಜೇಬಿಗೆ ಕೈ ಇಳಿಬಿಟ್ಟು ನಿಂತಿದ್ದ ಆಲ್ಬಿಯನ್ನು ಕರೆದ.

"ಆಲ್ಬಿ, ಬಾರೋ ಇಲ್ಲಿ. ಈ ಕಡೆ ಒಂದು ಹೆಗಲು ಕೊಡು."

ಆಲ್ಬಿ ತನ್ನ ಬೂಟು ನೋಡಿಕೊಂಡ. "ಬೇರೆ ಯಾರನ್ನಾದ್ರೂ ಕರ್ಕೋ."

"ಬೇರೆ ಯಾರಿದಾರೋ? ಉಳಿದೋರೆಲ್ಲ ಮಂಡಿ ಆಪರೇಷನ್ ಮಾಡಿಸ್ಕೊಂಡೋರೇ."

"ವ್ಯಾನಿನೋನಿಗೆ ಹೇಳು."

ವ್ಯಾನಿನವನು ಬಂದು ಹೆಗಲು ಕೊಟ್ಟ. "ಇರೋ ತನಕ ಒಬ್ಬನೇ ಇದ್ದ, ಹೋಗೋವಾಗ ಮಾತ್ರ ಆರು ಜನ ಬೇಕಂತೆ ಮಾರಾಯನಿಗೆ" ಎಂದು ಹೇಮಿ ಗೊಣಗಿದ್ದಕ್ಕೆ ಹಿಂದಿನಿಂದ ಒಂದಿಬ್ಬರು ನಕ್ಕರು.

ಆಲ್ಬಿಯ ಪಕ್ಕದಲ್ಲೇ ಅವನ ಹೆಂಡತಿ ನೈರಿ ನಿಂತಿದ್ದಳು. ಆಲ್ಬಿಯೂ ಬಾರ್ನಿಯೂ ಮಾತು ಬಿಟ್ಟು ಹದಿನಾರು ವರ್ಷವಾಗಿತ್ತು. ಅದಕ್ಕೆ ಮುಂಚೆ ಇಬ್ಬರೂ, ಹೊಳೆಯ ತಳದಿಂದ ಚಿನ್ನ ಹೀರಿ ತೆಗೆಯುವ ಒಂದೇ ಡ್ರೆಜ್ಜಿನ ಜೊತೆಗಾರರು. ಇಷ್ಟು ಊರಿಗೆಲ್ಲ ಗೊತ್ತಿತ್ತು. ಯಾಕೆ ಮಾತು ಬಿಟ್ಟರು ಎಂಬುದಕ್ಕೆ ಮಾತ್ರ ಮನೆಗೊಂದು ಕತೆಯಿತ್ತು.

ಬಾರ್ನಿ ಹೀಲಿ ಸತ್ತದ್ದು ಹೊಳೆಯಲ್ಲಲ್ಲ. ಎಪ್ಪತ್ತು ದಾಟಿದ ಮನುಷ್ಯ, ಗ್ರೇಮೌತ್ ಆಸ್ಪತ್ರೆಯ ಬಿಳಿ ಹಾಸಿಗೆಯಲ್ಲಿ, ಎದೆಯೊಳಗೆ ನೀರು ತುಂಬಿಕೊಂಡು, ಸದ್ದಿಲ್ಲದೆ ಹೋದ. ಇಡೀ ಊರು ಅವನನ್ನು ರಾತಾ ಹೊಳೆಯೇ ತೆಗೆದುಕೊಳ್ಳುತ್ತದೆ ಎಂದು ನಂಬಿತ್ತು. ಹಿಮದ ನೀರಿನ ತಳಕ್ಕೆ ಒಬ್ಬನೇ ಇಳಿದು, ಕೈಯಲ್ಲಿ ಬಂಡೆ ಸರಿಸಿ, ದಪ್ಪ ಕೊಳವೆಯಲ್ಲಿ ಮರಳು ಜಲ್ಲಿ ಹೀರಿಸಿ ಚಿನ್ನ ಹುಡುಕುವ ಮುದುಕನಿಗೆ ಬೇರೆ ಸಾವು ಯಾರಿಗೂ ಹೊಳೆದಿರಲಿಲ್ಲ. ಆಸ್ಪತ್ರೆಯ ಸುದ್ದಿ ಬಂದಾಗ ಕೆಲವರಿಗೆ ಮೋಸ ಹೋದ ಹಾಗೂ ಆಯಿತು.

ವ್ಯಾನಿನ ಹಿಂದೆ ಅವನ ತಂಗಿಯ ಮಗ ರೋರಿ ಆ ಡ್ರೆಜ್ಜನ್ನೇ ಟ್ರೇಲರಿಗೆ ಕಟ್ಟಿ ಎಳೆದು ತಂದಿದ್ದ. ತೇಲಲಿಕ್ಕೆ ಎರಡು ಪ್ಲಾಸ್ಟಿಕ್ ದೋಣಿ, ಮೇಲೊಂದು ಎಂಜಿನ್, ಜಲ್ಲಿ ಹರಿದು ಹೋಗುವ ಉದ್ದನೆಯ ಪೆಟ್ಟಿಗೆ, ಸುರುಳಿ ಸುತ್ತಿಟ್ಟ ಹಳದಿ ಗಾಳಿ ಪೈಪು. ರೋರಿಗೆ ಮೂವತ್ತೈದಿರಬಹುದು, ಕ್ರೈಸ್ಟ್‌ಚರ್ಚಿನಲ್ಲಿ ಮನೆಗಳಿಗೆ ಮಾಡು ಹೊದಿಸುವ ಕೆಲಸ. ಡ್ರೆಜ್ಜನ್ನು ಸೋಪು ಹಾಕಿ ತೊಳೆದು ಮದುಮಗಳ ಹಾಗೆ ಮಾಡಿಟ್ಟಿದ್ದ. ಬಾರ್ನಿ ನೋಡಿದ್ದರೆ ಬೈಯುತ್ತಿದ್ದ.

ಜಡಿಮಳೆಯಲ್ಲೇ ಮಣ್ಣು ಮಾಡಿದರು. "ಏಕಾಂತವನ್ನೇ ಸಂಗಾತಿ ಮಾಡಿಕೊಂಡ ನಮ್ಮ ಸಹೋದರ" ಎಂದು ಪಾದ್ರಿ ಹೇಳಿದಾಗ ನೈರಿ ಕಚ್ಚುನೊಣ ಓಡಿಸುವ ನೆಪದಲ್ಲಿ ಮುಖದ ಮುಂದೆ ಕೈಯಾಡಿಸಿದಳು.

*

ಊರ ಹಾಲ್‌ನ ಅಡುಗೆಕೋಣೆಗೂ ಒಳಗಿನ ಜನಕ್ಕೂ ನಡುವೆ ತಟ್ಟೆ ದಾಟಿಸುವಷ್ಟು ಅಗಲದ ಒಂದು ಕಿಟಕಿ. ಅದರ ಈ ಕಡೆ ಮೊರೀನ್ ಎಳೆಮೀನಿನ ಆಮ್ಲೆಟ್ಟು ಹುಯ್ಯುತ್ತಿದ್ದಳು. ನೈರಿ ಮೊಟ್ಟೆಯ ಸ್ಯಾಂಡ್‌ವಿಚ್ಚಿನ ಅಂಚು ಕತ್ತರಿಸುತ್ತಿದ್ದಳು.

"ಇಷ್ಟು ಮೀನು ಹಾಕಿದ್ರೆ ಬಾರ್ನಿ ಎದ್ದು ಬಂದಾನು ಕಣೇ" ಎಂದಳು ಮೊರೀನ್. "ಹೋದ ವರ್ಷ ನಮ್ಮನೆಗೆ ಬಂದಾಗ ಎಂಟು ತಿಂದ. ಆಮೇಲೆ ಕೇಳ್ತಾನೆ, ಊಟ ಯಾವಾಗ ಅಂತ."

"ತಣ್ಣೀರಲ್ಲಿ ಇದ್ದು ಬಂದ್ರೆ ಹಸಿವು ಜಾಸ್ತಿ."

"ನಿಂಗೇನು ಗೊತ್ತು ತಣ್ಣೀರಿನ ವಿಷ್ಯ?"

ನೈರಿ ಇನ್ನೊಂದು ಸ್ಯಾಂಡ್‌ವಿಚ್ಚು ಎಳೆದುಕೊಂಡಳು. ಆ ಕಡೆ ಹೇಮಿ ಬಿಯರ್ ಗ್ಲಾಸಿಗೆ ಚಮಚ ಬಡಿದ. ಬಾರ್ನಿಯ ಬಗ್ಗೆ ಹೇಳುವುದಿದ್ದವರು ಹೇಳಬೇಕು, ನಿಜವಾದರೂ ಸರಿ, ಸುಳ್ಳಾದರೂ ಸರಿ, ಉದ್ದ ಮಾತ್ರ ಆಗಬಾರದು ಎಂದ. ಮೊದಲು ಎದ್ದವನು ರೋರಿ. ಅವನ ಕಣ್ಣು ಕೆಂಪಗಿತ್ತು. ಸೋದರಮಾವನ ಮೇಲೆ ಅವನಿಗಿದ್ದ ಪ್ರೀತಿ ನಿಜವಾದದ್ದು, ಅದರಲ್ಲಿ ಅನುಮಾನವಿಲ್ಲ.

"ಎಲ್ಲರಿಗೂ ಗೊತ್ತಿರೋ ಕತೆಯೇ" ಎಂದು ಶುರುಮಾಡಿದ. "ಮಾವ ತಳದಲ್ಲಿದ್ದಾಗ ಎಡಗೈ ಮೇಲೆ ಬಂಡೆ ಉರುಳಿತ್ತು. ಬೆರಳೆಲ್ಲ ಜಜ್ಜಿ ಚಟ್ನಿ. ಬೇರೆಯೋರಾಗಿದ್ರೆ ಅಲ್ಲೇ ಪ್ರಾಣ ಬಿಡ್ತಿದ್ರು. ಮಾವ ಕೈ ಕಿತ್ಕೊಂಡು ಮೇಲೆ ಬಂದ, ಟವೆಲ್ ಸುತ್ತಿದ, ಗಾಡಿ ಹತ್ತಿ ಆಸ್ಪತ್ರೆ ತನಕ ತಾನೇ ಓಡಿಸ್ಕೊಂಡು ಹೋದ. ಡಾಕ್ಟರು ಜೊತೇಲಿ ಯಾರು ಬಂದಿದಾರೆ ಅಂದ್ರೆ, ನಂಗೆ ಯಾವತ್ತೂ ಯಾರೂ ಬೇಕಾಗಿಲ್ಲ ಅಂದ. ಅಂಥ ಮನುಷ್ಯ."

ಗ್ಲಾಸುಗಳು ಮೇಲೆ ಹೋದವು. ಕಿಟಕಿಯಲ್ಲಿ ಮೊರೀನ್ ಸೌಟು ಹಿಡಿದು ನಿಂತಿದ್ದಳು. "ಎಂಥ ಗಂಡಸು" ಎಂದು ನಿಟ್ಟುಸಿರು ಬಿಟ್ಟಳು.

"ಆಮ್ಲೆಟ್ ಸೀಯ್ತಿದೆ" ಎಂದಳು ನೈರಿ.

*

ಡ್ರೆಜ್ಜು ಇಬ್ಬರ ಕೆಲಸ. ಒಬ್ಬ ಕೆಳಗೆ, ಒಬ್ಬ ಮೇಲೆ. ಜಲ್ಲಿ ಹೀರುವುದೂ ಕೆಳಗಿನವನಿಗೆ ಪೈಪಿನಲ್ಲಿ ಉಸಿರು ಕಳಿಸುವುದೂ ಒಂದೇ ಎಂಜಿನ್ ಆದ್ದರಿಂದ, ಮೇಲಿನವನು ಪೆಟ್ರೋಲಿನ ಮೇಲೊಂದು ಕಣ್ಣು, ಪೈಪಿನ ಮೇಲೊಂದು ಕಣ್ಣು ಇಟ್ಟಿರಬೇಕು. ಜಲ್ಲಿ ಹರಿಯುವ ಪೆಟ್ಟಿಗೆಯ ಕಡೆ ಅವನು ನೋಡಬಾರದು. ಅದರಲ್ಲಿ ಏನು ಸಿಕ್ಕಿದೆ ಎಂದು ನೋಡುವುದು ಸಂಜೆ, ಇಬ್ಬರೂ ಮೇಲೆ ಇದ್ದಾಗ. ಹೊಳೆಯವರಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ, ಹೇಳಿಕೊಡಬೇಕಾದ ಮಾತು ಎಂದೇ ಅನ್ನಿಸುವುದಿಲ್ಲ.

ಹದಿನಾರು ವರ್ಷದ ಹಿಂದಿನ ಆ ದಿನ ಬಾರ್ನಿ ತಳದಲ್ಲಿದ್ದಾಗ ಆಲ್ಬಿ ನೋಡಿದ. ಪೆಟ್ಟಿಗೆಯ ಅಡ್ಡಪಟ್ಟಿಯ ಮೂಲೆಯಲ್ಲಿ ಅವರೆಕಾಳಿನಷ್ಟು ಹಳದಿ. ಅಷ್ಟು ದಪ್ಪದ್ದು ಇಬ್ಬರಿಗೂ ಅದುವರೆಗೆ ಸಿಕ್ಕಿರಲಿಲ್ಲ. ನೀರು ಅದನ್ನು ಅಲ್ಲಾಡಿಸುತ್ತಿತ್ತು, ಇನ್ನೇನು ದಾಟಿ ಹೊಳೆಗೆ ಬಿದ್ದೇ ಬಿಡುತ್ತದೆ ಅನ್ನಿಸಿತು. ಮೊಣಕಾಲೂರಿ ಬಾಗಿ ಬೆರಳು ಹಾಕಿದ. ಅದು ಜಾರಿತು, ಮತ್ತೆ ಹಾಕಿದ. ಸಿಕ್ಕಿತು ಎಂದು ತಲೆಯೆತ್ತುವ ಹೊತ್ತಿಗೆ ಸುತ್ತಲೂ ಮೌನವಾಗಿತ್ತು. ಪೆಟ್ರೋಲ್ ಮುಗಿದು ಎಂಜಿನ್ ನಿಂತಿತ್ತು.

ಬಾರ್ನಿ ತಳದಲ್ಲಿ ನಿಲ್ಲಲಿಕ್ಕೆ ಕಟ್ಟಿಕೊಂಡಿದ್ದ ಸೀಸದ ಬೆಲ್ಟು ಕಳಚಿ ಎಸೆದು ಮೇಲೆ ಬಂದ. ಮುಖ ನೀಲಿಗಟ್ಟಿತ್ತು. ದಡದ ಕಲ್ಲಿಗೆ ಒರಗಿ ನೀರು ಕಕ್ಕಿದ. ಆಮೇಲೆ ಆಲ್ಬಿಯ ಮುಚ್ಚಿದ ಮುಷ್ಟಿ ಕಣ್ಣಿಗೆ ಬಿತ್ತು.

"ತೋರ್ಸು."

ಆಲ್ಬಿ ಮುಷ್ಟಿ ಬಿಚ್ಚಿದ. ಬಾರ್ನಿ ನೋಡಿ, ಅವನ ಬೆರಳುಗಳನ್ನು ಒಂದೊಂದಾಗಿ ಮತ್ತೆ ಮುಚ್ಚಿದ. "ಇಟ್ಕೋ" ಎಂದ. ಇಬ್ಬರ ನಡುವಿನ ಕೊನೆಯ ಮಾತು ಅದೇ.

ಆ ತುಣುಕನ್ನು ಆಲ್ಬಿ ಮನೆಗೆ ತರಲಿಲ್ಲ. ನಡೆದದ್ದನ್ನು ನೈರಿಗೆ ಒಮ್ಮೆ ಹೇಳಿದ, ಎರಡನೆಯ ಸಲ ಹೇಳಲಿಲ್ಲ. ಹೊಳೆ ಬಿಟ್ಟು ಸೌದೆ ಕೊಯ್ದು ಮಾರುವುದಕ್ಕೆ ನಿಂತ. ಆ ಮನೆಯಲ್ಲಿ ಮತ್ತೆ ಬಾರ್ನಿಯ ಹೆಸರು ಬರಲಿಲ್ಲ.

*

ನೈರಿಯ ಬಟ್ಟೆ ಒಣಹಾಕುವ ಹಗ್ಗ ಇರುವುದು ಹೊಳೆಯ ಮೇಲಿನ ದಿಣ್ಣೆಯಲ್ಲಿ. ಬಾರ್ನಿ ಒಬ್ಬನೇ ಇಳಿಯಲಿಕ್ಕೆ ಶುರುಮಾಡಿದ ಮೇಲೆ ಅವಳಿಗೆ ಬಟ್ಟೆ ಒಣಹಾಕುವುದೇ ಕಷ್ಟವಾಯಿತು. ಎಂಜಿನ್ನಿನ ಸದ್ದು ಕೇಳುತ್ತಿರುವಷ್ಟು ಹೊತ್ತು ಸರಿ. ನಿಂತಿತೋ, ಅವಳ ಕೈಯೂ ಹಸಿ ಅಂಗಿ ಹಿಡಿದು ನಿಲ್ಲುತ್ತಿತ್ತು. ಅವನು ಪೆಟ್ರೋಲ್ ಹಾಕಲಿಕ್ಕೆ ನಿಲ್ಲಿಸಿರಬಹುದು, ಟೀ ಕುಡಿಯಲಿಕ್ಕೆ ನಿಲ್ಲಿಸಿರಬಹುದು. ಇಲ್ಲದೆಯೂ ಇರಬಹುದು.

ಒಂದು ದಿನ ಅಂಗಡಿಯಲ್ಲಿ ಬಾರ್ನಿ ಬ್ರೆಡ್ಡು ಕೊಳ್ಳುತ್ತಿದ್ದಾಗ ಪಕ್ಕಕ್ಕೆ ಹೋಗಿ ನಿಂತಳು.

"ನಿನ್ನ ಎಂಜಿನ್ ನಮ್ಮನೆ ಹಗ್ಗದ ತನಕ ಕೇಳಿಸುತ್ತೆ ಬಾರ್ನಿ."

"ಏನ್ಮಾಡ್ಲಿ, ಅದರ ಬಾಯಿಗೆ ಹತ್ತಿ ತುರುಕ್ಲಾ?"

"ನಿಂತಾಗ, ನೀನು ನಿಲ್ಸಿದ್ಯೋ ಅದಾಗೇ ನಿಂತ್ಹೋಯ್ತೋ ಗೊತ್ತಾಗಲ್ಲ. ಮೇಲೆ ಬಂದ ತಕ್ಷಣ ಏನಾದ್ರೂ ಒಂದು ಬಡಿ. ಬಡಿಯೋ ಸದ್ದು ಬರ್ಲಿಲ್ಲ ಅಂದ್ರೆ ನಾನು ಇಳಿದು ಬರ್ತೀನಿ."

"ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ."

ಬಾರ್ನಿ ಬ್ರೆಡ್ಡು ಕಂಕುಳಲ್ಲಿ ಇಟ್ಟುಕೊಂಡು ಹೋದ. ಮಾರನೆಯ ದಿನ ಎಂಜಿನ್ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಪೆಟ್ರೋಲ್ ಡಬ್ಬಕ್ಕೆ ಸ್ಪ್ಯಾನರಿನಿಂದ ಬಡಿದ ಸದ್ದು ಬಂತು, ಟಣ್ ಟಣ್. ನೈರಿ ಅಂಗಿಗೆ ಕ್ಲಿಪ್ಪು ಹಾಕಿದಳು. ಆಮೇಲೆ ವರ್ಷಗಟ್ಟಲೆ ಇದು ಹೀಗೇ ನಡೆಯಿತು. ಈ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ. ನೈರಿ ಗಂಡನಿಗೂ ಹೇಳಲಿಲ್ಲ. ಅವನು ಕೈತಪ್ಪಿ ಕೆಡಿಸಿಕೊಂಡ ಕೆಲಸವನ್ನು ತಾನು ಮಾಡುತ್ತಿದ್ದೇನೆ ಎಂದು ಅವನಿಗೆ ಯಾವ ಬಾಯಲ್ಲಿ ಹೇಳುವುದು?

ಬಾರ್ನಿ ಬಡಿಯದೆ ಹೋದದ್ದು ಒಂದೇ ಸಲ. ನೈರಿ ಬುಟ್ಟಿ ಎಸೆದು ಮುಳ್ಳುಪೊದೆಗಳ ನಡುವೆ ಇಳಿದು ಓಡಿದಳು. ಬಾರ್ನಿ ದಡದ ಮೇಲೆ ಕೂತಿದ್ದ. ಎಡಗೈ ಎಂಬುದು ಇರಲಿಲ್ಲ, ಕೆಂಪಗೆ ಏನೋ ಇತ್ತು. ಬಲಗೈಯಲ್ಲಿ ಸ್ಪ್ಯಾನರು ಹಿಡಿದುಕೊಳ್ಳಲಿಕ್ಕೆ ನೋಡುತ್ತಿದ್ದ, ಚಳಿಗೆ ಬೆರಳು ಮಡಚುತ್ತಿರಲಿಲ್ಲ. "ಬಡಿಯೋಣ ಅಂತಿದ್ದೆ" ಎಂದ, ತಡವಾದದ್ದಕ್ಕೆ ಕ್ಷಮೆ ಕೇಳುವವನ ಹಾಗೆ.

ಅವನ ಗಾಡಿಯಲ್ಲೇ ಅವನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದವಳು ನೈರಿ. ಬ್ರೆಡ್ಡಿನ ವ್ಯಾನು ಹತ್ತಿ ಮನೆಗೆ ಬಂದಳು. ಆಲ್ಬಿ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದ. ಹೆಂಡತಿ ಬ್ರೆಡ್ಡಿನ ವ್ಯಾನಿನಿಂದ ಯಾಕೆ ಇಳಿದಳು ಎಂದು ಅವನು ಕೇಳಲಿಲ್ಲ. ಬಾರ್ನಿ ವಾಪಸು ಬಂದು ಪಬ್ಬಿನಲ್ಲಿ ತಾನೇ ಓಡಿಸಿಕೊಂಡು ಹೋದೆ ಎಂದು ಹೇಳಿದ್ದು ಅವಳ ಕಿವಿಗೆ ಬಿತ್ತು. ಹೇಳಿಕೊಳ್ಳಲಿ ಎಂದು ಬಿಟ್ಟಳು.

*

"ಇನ್ನೊಂದು ಮಾತು" ಎನ್ನುತ್ತಿದ್ದ ರೋರಿ. "ಡ್ರೆಜ್ಜು ಮಾರ್ತೀಯಾ ಅಂತ ಬೆಳಿಗ್ಗೆಯಿಂದ ಮೂರು ಜನ ಕೇಳಿದ್ರು. ಮಾರಲ್ಲ. ಶನಿವಾರ ನಾನೇ ಇಳಿಸ್ತೀನಿ. ಮಾವ ಬಿಟ್ಟ ಗುಂಡೀಲೇ, ಮಾವನ ಹಾಗೇನೇ. ಒಬ್ಬನೇ."

ಚಪ್ಪಾಳೆ ಬಿತ್ತು. ಹೇಮಿ ಅವನ ಬೆನ್ನು ಗುದ್ದಿದ. "ಭೇಷ್ ಕಣೋ! ಹೀಲಿ ರಕ್ತ ಅಂದ್ರೆ ಹೀಗಿರ್ಬೇಕು."

ನೈರಿಯ ಕೈಯಲ್ಲಿ ದೊಡ್ಡ ಟೀ ಕೆಟಲಿತ್ತು. ಬಾಗಿಲ ಬಳಿ ಆಲ್ಬಿ ಗೋಡೆಗೆ ಒರಗಿ ನಿಂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಸುಮ್ಮನಿದ್ದರೆ ಸತ್ತವನ ಹೆಸರೂ ಉಳಿಯುತ್ತದೆ, ತನ್ನ ಮನೆಯೂ ಇದ್ದ ಹಾಗೆ ಇರುತ್ತದೆ. ಶನಿವಾರ ಈ ಹುಡುಗ ಒಬ್ಬನೇ ತಳಕ್ಕೆ ಹೋಗುತ್ತಾನೆ. ಕೆಟಲನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟಳು.

"ರೋರಿ. ಆ ಗಾಡೀಗೆ ಗೇರು ಯಾವ ಕೈಯಲ್ಲಿ ಹಾಕ್ತಾರೆ?"

"ಏನು ಆಂಟಿ?"

"ನಿಮ್ಮಾವನ ಗಾಡೀನೇ. ಇವತ್ತು ನೀನೇ ಓಡಿಸ್ಕೊಂಡು ಬಂದ್ಯಲ್ಲ. ಗೇರು ಯಾವ ಕೈಯಲ್ಲಿ?"

ರೋರಿ ಎಡಗೈಯನ್ನು ಸ್ವಲ್ಪ ಮೇಲೆತ್ತಿದ. ಅದನ್ನು ತಾನೇ ನೋಡಿಕೊಂಡ.

"ಇಷ್ಟು ವರ್ಷ ಈ ಕತೆ ಹೇಳ್ಕೊಂಡು ಕುಡಿದ್ರಲ್ಲ, ಒಬ್ಬರಿಗಾದ್ರೂ ಕೇಳ್ಬೇಕು ಅನ್ನಿಸ್ಲಿಲ್ವಾ? ಗೇರು ಹಾಕಿದ್ದು ನಾನು. ಅವನು ಪಕ್ಕದಲ್ಲಿ ಕೂತ್ಕೊಂಡು, ತಿರುವಿನಲ್ಲಿ ನಿಧಾನ ಹೋಗು ಅಂತ ಬೈತಿದ್ದ."

ಯಾರೂ ನಗಲಿಲ್ಲ. ನೈರಿ ಉಳಿದದ್ದನ್ನೂ ಹೇಳಿದಳು, ಹಗ್ಗ, ಎಂಜಿನ್ನು, ಡಬ್ಬ ಬಡಿಯುವುದು. ಹೇಳುವಾಗ ಆಲ್ಬಿಯ ಕಡೆ ನೋಡಲಿಲ್ಲ. ಮೊರೀನ್ ಸೌಟು ಕೆಳಗಿಟ್ಟಳು.

"ಅಯ್ಯೋ ನೈರಿ! ನಿಂಗೂ ಬಾರ್ನಿಗೂ..."

"ನಂಗೂ ಬಾರ್ನಿಗೂ ನಡುವೆ ಇದ್ದದ್ದು ಒಂದು ಪೆಟ್ರೋಲ್ ಡಬ್ಬ. ಬೇಜಾರು ಮಾಡ್ಕೋಬೇಡ."

ಈಗ ಒಂದಿಬ್ಬರು ನಕ್ಕರು. ರೋರಿಯ ಮುಖ ಮಾತ್ರ ಬಿಗಿದುಕೊಂಡಿತ್ತು. "ಅಂದ್ರೆ ಮಾವ ಸುಳ್ಳ ಅಂತೀರಾ? ಮಣ್ಣು ಹಾಕಿ ಇನ್ನೂ ಕೈ ತೊಳ್ಕೊಂಡಿಲ್ಲ."

"ಅವನು ಒಳ್ಳೆಯವನು. ಒಬ್ಬನೇ ಇದ್ದ ಅನ್ನೋದು ಸುಳ್ಳು, ಅಷ್ಟೇ. ಆ ಸುಳ್ಳು ನಂಬ್ಕೊಂಡು ನೀನು ನೀರಿಗಿಳಿಯೋದು ಬೇಡ."

ರೋರಿ ದನಿ ತಗ್ಗಿಸಿ, "ಹಾಗಾದ್ರೆ ನಂಗೂ ಕೇಳಿಸ್ಕೊಳ್ಳಿ ಆಂಟಿ. ನಾನೂ ಡಬ್ಬ ಬಡೀತೀನಿ" ಎಂದ.

ನೈರಿಗೆ ಇದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. "ನನ್ನ ಕಿವಿ ಹೋಗಿದೆ ಕಣಪ್ಪ. ಹತ್ತಿರದ್ದು ಕೇಳುತ್ತೆ, ದೂರದ್ದು ಇಲ್ಲ. ಈಚೆಗೆ ಎಂಜಿನ್ ಓಡ್ತಿದ್ಯೋ ಗಾಳಿ ಬೀಸ್ತಿದ್ಯೋ ತಿಳೀತಿರ್ಲಿಲ್ಲ. ಮತ್ತೆ ಮತ್ತೆ ಇಳಿದು ಹೋಗಿ ಪೊದೆ ಹಿಂದೆ ನಿಂತು ನೋಡ್ಕೊಂಡು ಬರ್ತಿದ್ದೆ. ಅವನಿಗೆ ಹೇಳ್ಲಿಲ್ಲ. ಹೇಳಿದ್ರೆ ಬಡಿಯೋದು ಬಿಟ್ಬಿಡ್ತಿದ್ದ."

ಅವಳು ಒರೆಸುವ ಬಟ್ಟೆ ಹುಡುಕಿಕೊಂಡು ಈ ಕಡೆ ತಿರುಗಿದಳು. ಬಾಗಿಲು ತೆರೆದು ಮುಚ್ಚಿದ ಸದ್ದು ಬಂತು. ಮತ್ತೆ ನೋಡಿದಾಗ ಗೋಡೆಯ ಹತ್ತಿರ ಆಲ್ಬಿ ಇರಲಿಲ್ಲ.

ಹೇಮಿ ಕಿಟಕಿಯ ಹತ್ತಿರ ಬಂದು ಎರಡು ಸಕ್ಕರೆ ಹಾಕಿದ ಟೀ ಕೇಳಿದ. ತೆಗೆದುಕೊಂಡು ಅಲ್ಲೇ ನಿಂತ. "ಪಾಪಿ, ನಮಗೆಲ್ಲ ಚೆನ್ನಾಗಿ ಟೋಪಿ ಹಾಕಿದ" ಎಂದು ಗಹಗಹಿಸಿ ನಕ್ಕ. ನಗುತ್ತ ಕಣ್ಣು ಒರೆಸಿಕೊಂಡ.

*

ತಟ್ಟೆಗಳನ್ನೆಲ್ಲ ತೊಳೆದಿಟ್ಟ ಮೇಲೆ ನೈರಿ ಹಿಂಬಾಗಿಲ ಮೆಟ್ಟಿಲಿಗೆ ಬಂದಳು. ಮಳೆ ನಿಂತಿತ್ತು. ಆಲ್ಬಿ ಮನೆಗೆ ನಡೆದುಕೊಂಡೇ ಹೋಗಿರಬೇಕು ಎಂದುಕೊಂಡಿದ್ದಳು. ಅವನು ಮೆಟ್ಟಿಲ ಪಕ್ಕದಲ್ಲೇ ನಿಂತಿದ್ದ.

"ನಿಂಗೆ ಹೇಳ್ಬೇಕಾಗಿತ್ತು" ಎಂದಳು.

"ಹೂಂ."

"ಹೇಳೋಕೆ ಆಗ್ಲಿಲ್ಲ ಆಲ್ಬಿ."

ಅವನು ಮೂಗು ಒರೆಸಿಕೊಂಡ. "ಅವನು ಡಬ್ಬ ಬಡಿದ ಮೇಲೂ ನೀನು ಬುಟ್ಟಿ ಬಿಟ್ಟು ಓಡ್ತಿದ್ದೆ. ಆವಾಗಲೇ ಗೊತ್ತಾಯ್ತು ಕಿವಿ ಹೋಗಿದೆ ಅಂತ."

ನೈರಿ ಅವನ ಕಡೆ ತಿರುಗಿದಳು. "ನಿಂಗೆ ಕೇಳಿಸ್ತಿತ್ತಾ?"

"ಅವನು ಮೇಲೆ ಬರೋ ಮುಂಚೆ ನಾನು ಯಾವತ್ತಾದ್ರೂ ಗರಗಸದ ಮೆಷಿನ್ನು ಹಾಕಿ ಸದ್ದು ಮಾಡಿದ್ದು ನೋಡಿದೀಯಾ?"

ಊರವರು ಆಲ್ಬಿಯನ್ನು ಸೋಮಾರಿ ಎನ್ನುತ್ತಿದ್ದರು. ಬೆಳಗಿನ ಹೊತ್ತೆಲ್ಲ ಕೈಕಟ್ಟಿ ಕೂತು ಮಧ್ಯಾಹ್ನದ ಮೇಲೆ ಕೆಲಸಕ್ಕೆ ಇಳಿಯುತ್ತಾನೆ ಎಂದು ನೈರಿಯೂ ಎಷ್ಟೋ ಸಲ ರೇಗಿದ್ದಳು. ಈಗ ಅವನ ತೋಳು ಹಿಡಿದುಕೊಂಡಳು. ಅವನು ಹಿಡಿದುಕೊಳ್ಳಲು ಬಿಟ್ಟ, ಆಮೇಲೆ ಮೆಲ್ಲಗೆ ಬಿಡಿಸಿಕೊಂಡು ಟ್ರೇಲರಿನ ಕಡೆ ನಡೆದ.

ಅಲ್ಲಿ ರೋರಿ ಹಗ್ಗ ಬಿಗಿಯುತ್ತಿದ್ದ. ಆಲ್ಬಿ ಅವನನ್ನು ಮಾತನಾಡಿಸಲಿಲ್ಲ. ಹಳದಿ ಪೈಪಿನ ಸುರುಳಿ ಇಳಿಸಿ, ಒಂದು ತುದಿಯನ್ನು ಅವನ ಹೆಗಲ ಮೇಲಿಂದ ತಂದು ಸೊಂಟಕ್ಕೆ ಸುತ್ತಿ ಸಿಕ್ಕಿಸಿದ.

"ಹೋಗು, ಆ ಬೇಲಿ ತನಕ. ತಿರುಗಿ ನೋಡ್ಬೇಡ."

"ಈಗ್ಲಾ? ಕೋಟು ಹಾಕ್ಕೊಂಡಿದೀನಿ."

"ಕೋಟಿಗೇನೂ ಆಗಲ್ಲ. ನಾನು ಒಂದು ಸಲ ಎಳೆದ್ರೆ, ಚೆನ್ನಾಗಿದೀಯಾ ಅಂತ. ನೀನೂ ಒಂದು ಸಲ ಎಳಿ, ಚೆನ್ನಾಗಿದೀನಿ ಅಂತ. ಬಿಡದೆ ಎಳೀತಾ ಇದ್ರೆ ಇದ್ದಬದ್ದದ್ದೆಲ್ಲ ಬಿಟ್ಟು ಮೇಲೆ ಬಾ. ತಿಳೀತಾ?"

"ಶನಿವಾರ ನೀವು ಬರ್ತೀರಾ ಅಂಕಲ್?"

"ನಡಿ ಮೊದ್ಲು."

ರೋರಿ ಒದ್ದೆ ಹುಲ್ಲಿನ ಮೇಲೆ ನಡೆದ. ಕಾರುಗಳ ಸಾಲು ದಾಟಿ ಬೇಲಿಯ ಬಳಿ, ಬೆನ್ನು ತೋರಿಸಿ, ಕರಿಕೋಟಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಆಲ್ಬಿ ಪೈಪನ್ನು ಎರಡೂ ಅಂಗೈಯಲ್ಲಿ ಹಗುರವಾಗಿ ಹಿಡಿದು ಒಮ್ಮೆ ಎಳೆದ. ಕಾದ. ಆ ತುದಿಯಿಂದ ಒಂದು ಎಳೆತ ಬಂತು.

ಹಾಲ್‌ನ ಕಿಟಕಿ ತೆರೆದು ಹೇಮಿ ಕೂಗಿದ. "ಏ ಆಲ್ಬಿ, ಅಲ್ಲೇನ್ಮಾಡ್ತಿದೀಯೋ? ಬಿಯರ್ ಮುಗೀತಾ ಬಂತು, ಬಾರೋ!"

ಆಲ್ಬಿ ತಲೆ ತಿರುಗಿಸಲಿಲ್ಲ. ಹೇಮಿ ಮತ್ತೆ ಕೂಗಿದ, ಒಳಗಿನಿಂದ ಇನ್ನೂ ಇಬ್ಬರು ಕೂಗಿದರು. ಕಚ್ಚುನೊಣಗಳು ಅವನ ಕತ್ತಿನ ಮೇಲೆ ಕೂತಿರುವುದು ನೈರಿಗೆ ಮೆಟ್ಟಿಲಿಂದಲೇ ಕಾಣುತ್ತಿತ್ತು. ಅವನು ಅವನ್ನೂ ಓಡಿಸಲಿಲ್ಲ. ಹುಲ್ಲಿನ ಮೇಲೆ ಹಳದಿ ಪೈಪು ಹೋದಷ್ಟು ದೂರವೂ ನೋಡುತ್ತ ನಿಂತಿದ್ದ.